ಬೆಕ್ಕಿನ ಮರ್ಜಿ ಕಾಯುವವರಿಗೊಂದು ಕೈಪಿಡಿ

ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಮೊದಲ ದಿನವೇ ಸುಡುಸುಡು ಹಾಲು ಇಟ್ಟ. ಮೂತಿ ಸುಟ್ಟುಕೊಂಡ ಬೆಕ್ಕು ಮತ್ತೆಂದೂ ಹಾಲಿನ ಬಟ್ಟಲ ಹತ್ತಿರ ಸುಳಿಯಲಿಲ್ಲ. ಅರಮನೆಯಿಂದ ಬಂದ ಹಸುವಿನ ಹಾಲನ್ನೆಲ್ಲ ಕವಿಯೇ ಕುಡಿದು ಸುಖವಾಗಿದ್ದ. ಕವಿಯ ಚಾಲಾಕಿಗೆ ನಕ್ಕು ನಾವು ಈ ಕಥೆಯನ್ನು ಅಲ್ಲಿಗೇ ಬಿಟ್ಟಿದ್ದೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಅದರಲ್ಲೊಂದು ಪಾಠವಿದೆ: ಬೆಕ್ಕು ಕಲಿಯುತ್ತದೆ, ಬೇಗ ಕಲಿಯುತ್ತದೆ, ಕಲಿತದ್ದನ್ನು ಸುಲಭಕ್ಕೆ ಮರೆಯುವುದಿಲ್ಲ. ಆದರೆ ನಾವು ಕಲಿಸಲು ಹೊರಟದ್ದನ್ನೇ ಕಲಿಯುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ಸೋಫಾ ಪರಚಿದ್ದಕ್ಕೆ ಗದರಿದಿರೋ, ‘ಈ ಮನುಷ್ಯ ಮನೆಯಲ್ಲಿದ್ದಾಗ ಸೋಫಾದ ತಂಟೆ ಬೇಡ’ ಎಂಬಷ್ಟನ್ನು ಅದು ಗಟ್ಟಿ ಮಾಡಿಕೊಳ್ಳುತ್ತದೆ. ನೀವು ಆಫೀಸಿಗೆ ಹೊರಟ ಮೇಲೆ ಸೋಫಾ ಅದರದೇ.

ಬೆಕ್ಕು ಸಾಕಿದವರ ದೂರಿನ ಪಟ್ಟಿ ಎಲ್ಲ ಊರಲ್ಲೂ ಒಂದೇ. ಕರೆದರೆ ಬರುವುದಿಲ್ಲ. ನಸುಕಿನ ಐದಕ್ಕೇ ಎಬ್ಬಿಸುತ್ತದೆ. ದುಡ್ಡು ಸುರಿದು ತಂದ ಮೆತ್ತನೆ ಹಾಸಿಗೆ ಬಿಟ್ಟು ಆ ಹಾಸಿಗೆ ಬಂದ ರಟ್ಟಿನ ಡಬ್ಬದಲ್ಲಿ ಮಲಗುತ್ತದೆ. ತಾನೇ ಬಂದು ಮುದ್ದು ಮಾಡಿಸಿಕೊಂಡು ಆಮೇಲೆ ಕೈಗೆ ಹಲ್ಲು ಊರುತ್ತದೆ. ಈ ಒಂದೊಂದು ವಿಚಿತ್ರಕ್ಕೂ ಕಾರಣವಿದೆ. ಕಾರಣ ತಿಳಿದರೆ ಪರಿಹಾರವೂ ಕೈಗೆಟುಕುತ್ತದೆ. ಹೆಚ್ಚಿನ ಸಲ ಆ ಪರಿಹಾರ ಇರುವುದು ಬೆಕ್ಕನ್ನು ತಿದ್ದುವುದರಲ್ಲಲ್ಲ, ಮನೆಯ ವ್ಯವಸ್ಥೆಯನ್ನು ಸ್ವಲ್ಪ ಬದಲಿಸಿಕೊಳ್ಳುವುದರಲ್ಲಿ.

ಕಣಜದ ದಾರಿಯಲ್ಲಿ ಬಂದ ಪ್ರಾಣಿ

ಇಂದಿನ ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಇದನ್ನು ಖಚಿತಪಡಿಸಿತು. ಮನುಷ್ಯ ಬೇಸಾಯಕ್ಕಿಳಿದು ಧಾನ್ಯ ಕೂಡಿಡತೊಡಗಿದಾಗ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ್ದನ್ನು ಫ್ರೆಂಚ್ ಸಂಶೋಧಕರು 2004ರಲ್ಲಿ ವರದಿ ಮಾಡಿದರು. ಅಷ್ಟು ಹಳೆಯ ಪರಿಚಯ ನಮ್ಮದು.

ಆದರೆ ನಾಯಿಯೊಂದಿಗಿನ ಒಪ್ಪಂದವೇ ಬೇರೆ, ಬೆಕ್ಕಿನೊಂದಿಗಿನದೇ ಬೇರೆ. ನಾಯಿಗೆ ಕಾವಲು, ಬೇಟೆ, ಕುರಿ ಕಾಯುವ ಕೆಲಸ ಹಚ್ಚಿ, ಹೇಳಿದ ಮಾತು ಕೇಳುವವನ್ನೇ ಆರಿಸಿ ತಲೆಮಾರುಗಟ್ಟಲೆ ಬೆಳೆಸಿದೆವು. ಬೆಕ್ಕಿನ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಲಿ ಎಂಬುದು ಒಬ್ಬರ ಊಟ. ಅದನ್ನು ಹಿಡಿಯಲು ಗುಂಪು ಬೇಡ, ನಾಯಕ ಬೇಡ. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ಇನ್ನೊಬ್ಬರ ಆಜ್ಞೆ ಪಾಲಿಸುವ ಅಭ್ಯಾಸವೇ ಬೆಳೆಯುವುದಿಲ್ಲ. ಅದರ ‘ಸೊಕ್ಕು’ ಎಂದು ನಾವು ಕರೆಯುವುದು ಇದನ್ನೇ.

ಇನ್ನೊಂದು ಸಂಗತಿ. ಬೆಕ್ಕು ಬೇಟೆಗಾರ ಹೌದು, ಆದರೆ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯೂ ಹೌದು. ಹಾಗಾಗಿ ಬಚ್ಚಿಟ್ಟುಕೊಳ್ಳುವುದು, ಎತ್ತರಕ್ಕೆ ಹತ್ತಿ ಕೂರುವುದು, ನೋವಾದರೂ ತೋರಿಸಿಕೊಳ್ಳದಿರುವುದು ಅದರ ರಕ್ತದಲ್ಲೇ ಇದೆ. ನಾವು ಮಾತ್ರ ಅದಕ್ಕೆ ಬೇರೆ ಬೇರೆ ಅರ್ಥ ಹಚ್ಚಿದ್ದೇವೆ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಬೇರೆಡೆ ಅದೇ ಬೆಕ್ಕು ಅಡ್ಡ ಬಂದರೆ ಹೊರಟವರು ಒಳಗೆ ಬಂದು ನೀರು ಕುಡಿದು ಮತ್ತೆ ಹೊರಡುತ್ತಾರೆ. ಈ ಎರಡೂ ಮರ್ಯಾದೆ ಬೆಕ್ಕಿಗೆ ಗೊತ್ತಿಲ್ಲ. ಅದು ತನ್ನ ಗಡಿ ನೋಡಿಕೊಂಡು ಬರಲು ಹೊರಟಿರುತ್ತದೆ, ನೀವು ಅದಕ್ಕೆ ಅಡ್ಡ ಹೋಗಿರುತ್ತೀರಿ.

ಕೇಳಿಸುತ್ತದೆ, ಬರುವುದು ಮಾತ್ರ ಮರ್ಜಿ

ಜಪಾನಿನ ಸಂಶೋಧಕಿ ಅತ್ಸುಕೊ ಸೈಟೊ ಮತ್ತು ಸಂಗಡಿಗರು ಈ ವಿಷಯವನ್ನು ಎರಡು ಬಾರಿ ಕೆದಕಿದ್ದಾರೆ. ಬೆಕ್ಕುಗಳು ಮನೆಯವರ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು 2013ರಲ್ಲಿ, ತಮ್ಮ ಹೆಸರನ್ನು ಅದೇ ಬಗೆಯ ಬೇರೆ ಪದಗಳಿಂದ ಪ್ರತ್ಯೇಕಿಸಬಲ್ಲವು ಎಂದು 2019ರಲ್ಲಿ ತೋರಿಸಿದರು. ದನಿ ಗುರುತಿಸಿದ ಬೆಕ್ಕು ಕಿವಿ ಹೊರಳಿಸಿತು, ತಲೆ ತಿರುಗಿಸಿತು. ಎದ್ದು ಬರುವ ತೊಂದರೆ ಮಾತ್ರ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆಯ ಕೆಂಚ ಇದಕ್ಕೆ ಜೀವಂತ ಸಾಕ್ಷಿ. ‘ಕೆಂಚಾ’ ಎಂದು ಗಂಟಲು ಹರಿದುಕೊಂಡರೂ ಎಡಗಿವಿ ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ, ಅಷ್ಟೇ. ಮೀನಿನವನ ಸ್ಕೂಟರು ಪಕ್ಕದ ರಸ್ತೆಗೆ ಹೊರಳಿದ ಸದ್ದು ನಮಗಿನ್ನೂ ಕೇಳಿಸಿರುವುದಿಲ್ಲ, ಕೆಂಚ ಆಗಲೇ ಗೇಟಿನ ಕಂಬದ ಮೇಲಿರುತ್ತಾನೆ. ಆಶ್ಚರ್ಯವೇನಿಲ್ಲ. ಮನುಷ್ಯನ ಕಿವಿ 20 ಕಿಲೊಹರ್ಟ್ಜ್‌ಗೆ ಸುಸ್ತಾದರೆ ಬೆಕ್ಕಿನದು 60 ದಾಟಿಯೂ ಕೇಳಿಸಿಕೊಳ್ಳುತ್ತದೆ. ಇಲಿಮರಿಯ ಕೀಚಲು ದನಿ ಹಿಡಿಯಲೆಂದೇ ಇರುವ ಕಿವಿ ಅದು.

ಬೆಕ್ಕನ್ನು ಕರೆಸಿಕೊಳ್ಳುವುದು ಅಸಾಧ್ಯವೇನಲ್ಲ. ಒಂದು ನಿರ್ದಿಷ್ಟ ಸದ್ದು ಆರಿಸಿಕೊಳ್ಳಿ: ಡಬ್ಬಿ ಕುಲುಕುವುದೋ, ನಾಲಿಗೆಯಲ್ಲಿ ‘ಟಕ್ ಟಕ್’ ಎನ್ನಿಸುವುದೋ. ಆ ಸದ್ದಿನ ಬೆನ್ನಿಗೇ ಪ್ರತಿ ಸಲ ಇಷ್ಟದ ತುಣುಕೊಂದು ಸಿಗಬೇಕು. ಸ್ನಾನ ಮಾಡಿಸಲು, ಔಷಧ ಕುಡಿಸಲು, ಡಾಕ್ಟರ ಬಳಿ ಒಯ್ಯಲು ಆ ಸದ್ದನ್ನು ಎಂದೂ ಬಳಸಬೇಡಿ. ಒಂದೇ ಒಂದು ಸಲ ಮೋಸವಾದರೂ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ.

ಇನ್ನು ಅದರ ಮಾತು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ‘ಮಿಯಾಂವ್’ ಎನ್ನುವುದು ಅಪರೂಪ. ಆ ದನಿ ಬಹುಮಟ್ಟಿಗೆ ನಮಗೆಂದೇ ಮೀಸಲು. ಗುರುಗುಟ್ಟುವುದೂ ಸದಾ ತೃಪ್ತಿಯ ಗುರುತಲ್ಲ, ನೋವಿನಲ್ಲಿರುವ ಬೆಕ್ಕೂ ಗುರುಗುಟ್ಟುತ್ತದೆ. ಹಸಿದ ಬೆಕ್ಕಿನ ಗುರುಗುಟ್ಟುವಿಕೆಯೊಳಗೆ ಮಗುವಿನ ಅಳುವಿನಂಥ ಎಳೆಯೊಂದು ಸೇರಿರುತ್ತದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮ್ಯಾಕೂಂಬ್ ತಂಡ 2009ರಲ್ಲಿ ಕಂಡುಕೊಂಡಿತು. ಬೆಕ್ಕು ಸಾಕದವರಿಗೂ ಆ ಸದ್ದು ಒತ್ತಾಯದಂತೆ ಕೇಳಿಸಿತಂತೆ. ನೀವು ಹಾಸಿಗೆಯಿಂದೇಳುವುದು ಕರುಣೆಯಿಂದ ಎಂದುಕೊಂಡಿದ್ದರೆ, ಅದರ ಹಿಂದೆ ಇಂಥದ್ದೊಂದು ತಂತ್ರವಿದೆ.

ನೀವೂ ಬೆಕ್ಕಿನ ಭಾಷೆಯಲ್ಲಿ ಎರಡು ಮಾತಾಡಬಹುದು. ದೂರದಲ್ಲಿ ಕೂತು, ನೇರ ದಿಟ್ಟಿಸದೆ, ಕಣ್ಣನ್ನು ನಿಧಾನಕ್ಕೆ ಮುಚ್ಚಿ ತೆರೆಯಿರಿ. ಹೀಗೆ ಮಾಡಿದಾಗ ಬೆಕ್ಕೂ ಕಣ್ಣು ಕಿರಿದಾಗಿಸಿ ಉತ್ತರಿಸುತ್ತದೆ, ಅಪರಿಚಿತರ ಬಳಿಗೂ ಹೆಚ್ಚು ಸಲೀಸಾಗಿ ಬರುತ್ತದೆ ಎಂದು ಅದೇ ವಿಶ್ವವಿದ್ಯಾಲಯದ 2020ರ ಅಧ್ಯಯನ ಹೇಳುತ್ತದೆ. ಮನೆಗೆ ಬಂದ ನೆಂಟರಲ್ಲಿ ಬೆಕ್ಕೆಂದರೆ ಆಗದವರ ತೊಡೆಯನ್ನೇ ಅದು ಹುಡುಕಿಕೊಂಡು ಹೋಗುವುದರ ಗುಟ್ಟೂ ಬಹುಶಃ ಇಲ್ಲೇ ಇದೆ. ಪ್ರೀತಿಸುವವರು ದಿಟ್ಟಿಸುತ್ತಾರೆ, ಕೈ ಚಾಚುತ್ತಾರೆ. ಆಗದವರು ಮುಖ ತಿರುಗಿಸಿ ಸುಮ್ಮನೆ ಕೂರುತ್ತಾರೆ. ಬೆಕ್ಕಿನ ಶಿಷ್ಟಾಚಾರದಲ್ಲಿ ಎರಡನೆಯವರೇ ಸಭ್ಯರು.

ನಸುಕಿನ ಐದು ಗಂಟೆಯ ಅಲಾರಂ

ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ನಿದ್ದೆ ಹೊಡೆಯುವ ಬೆಕ್ಕು ನಿಮ್ಮ ಸವಿನಿದ್ದೆಯ ಹೊತ್ತಿಗೇ ಏಕೆ ಎದ್ದು ಕುಣಿಯುತ್ತದೆ? ಅದರ ಬೇಟೆಯ ಹೊತ್ತು ಅದೇ. ಇಲಿ, ಹಕ್ಕಿ ಚುರುಕಾಗುವ ಮುಂಜಾವು, ಮುಸ್ಸಂಜೆಗಳಲ್ಲಿ ಬೆಕ್ಕಿನ ಮೈಯೂ ಚುರುಕಾಗುತ್ತದೆ. ಬೇಟೆಗೆ ಇಲಿ ಇಲ್ಲದ ಫ್ಲ್ಯಾಟಿನಲ್ಲಿ ಹೊದಿಕೆಯೊಳಗೆ ಕದಲುವ ನಿಮ್ಮ ಕಾಲ್ಬೆರಳೇ ಇಲಿ.

ಇಲ್ಲಿ ಎಲ್ಲರೂ ಮಾಡುವುದೊಂದೇ: ಕಾಟ ತಾಳಲಾರದೆ ಎದ್ದು ಬಟ್ಟಲಿಗೆ ತಿಂಡಿ ಹಾಕುತ್ತಾರೆ. ಕೂಗಿದರೆ ತಿಂಡಿ ಬರುತ್ತದೆಂದು ಬೆಕ್ಕು ಕಲಿಯುತ್ತದೆ. ನಾಳೆ ಐದಕ್ಕೆ ಬದಲು ನಾಲ್ಕೂವರೆಗೆ ಪ್ರಯೋಗ ನಡೆಸುತ್ತದೆ. ಬದಲಿಗೆ ಹೀಗೆ ಮಾಡಿ:

• ರಾತ್ರಿ ಮಲಗುವ ಮುನ್ನ ಹತ್ತು–ಹದಿನೈದು ನಿಮಿಷ ಆಟ ಆಡಿಸಿ. ಕೋಲಿನ ತುದಿಗೆ ಗರಿಯನ್ನೋ ಬಟ್ಟೆಯ ಚೂರನ್ನೋ ಕಟ್ಟಿ, ಬೇಟೆಯಂತೆ ಓಡಿಸಿ, ಅಡಗಿಸಿ, ಕೊನೆಗೆ ಹಿಡಿಯಲು ಬಿಡಿ. ಆಟ ಮುಗಿದ ಕೂಡಲೇ ರಾತ್ರಿಯ ಊಟ ಕೊಡಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಬೆಕ್ಕಿನ ದಿನಚರಿಯ ಕ್ರಮ ಇದು.

• ಬೆಳಗಿನ ಊಟವನ್ನು ನೀವು ಎದ್ದ ತಕ್ಷಣ ಹಾಕಬೇಡಿ. ಹಲ್ಲುಜ್ಜಿ, ಕಾಫಿ ಕುಡಿದು ಹಾಕಿ. ನೀವು ಏಳುವುದಕ್ಕೂ ಊಟಕ್ಕೂ ಇರುವ ನಂಟು ಕಡಿದುಹೋಗಲಿ.

• ಎಬ್ಬಿಸಲು ಬಂದಾಗ ಬೈಯಬೇಡಿ, ಎತ್ತಿಕೊಳ್ಳಬೇಡಿ, ನೋಡಲೂ ಬೇಡಿ. ಶುರುವಿನಲ್ಲಿ ಗಲಾಟೆ ಇನ್ನೂ ಹೆಚ್ಚುತ್ತದೆ. ಮನೆಯಲ್ಲಿ ಒಬ್ಬರು ಸೋತು ಎದ್ದರೂ ಅಲ್ಲಿಯವರೆಗಿನ ತಪಸ್ಸು ವ್ಯರ್ಥ.

ಲೇಸರ್ ಲೈಟಿನ ಆಟ ಆಡಿಸುವವರು ಒಂದು ಮಾತು ನೆನಪಿಡಿ. ಬೆಳಕಿನ ಚುಕ್ಕೆ ಕೈಗೆ ಸಿಗುವಂಥದ್ದಲ್ಲ, ಬೆಕ್ಕಿಗೆ ಬರೀ ಹತಾಶೆ. ಆಟದ ಕೊನೆಗೆ ಹಿಡಿಯಬಲ್ಲ ವಸ್ತುವೊಂದು ಅದರ ಪಂಜಕ್ಕೆ ಸಿಗಲಿ.

ಡಬ್ಬ, ಬುಟ್ಟಿ, ಬೀರುವಿನ ತಲೆ

ಮೂರು ಕಡೆ ಗೋಡೆಯಿದ್ದರೆ ಹಿಂದಿನಿಂದ ಯಾರೂ ಮೇಲೆ ಬೀಳಲಾರರು, ಮುಂದಿನಿಂದ ಹೋಗುವವರ ಮೇಲೆ ತಾನು ಬೀಳಬಹುದು. ರಟ್ಟಿನ ಡಬ್ಬದ ಆಕರ್ಷಣೆ ಇಷ್ಟೇ. ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಅಡಗಲು ಡಬ್ಬ ಸಿಕ್ಕವು ಬೇಗ ಹೊಂದಿಕೊಂಡವು ಎಂದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಡೆದ ಅಧ್ಯಯನವೊಂದು 2014ರಲ್ಲಿ ತೋರಿಸಿತು. ಹಾಗಾಗಿ ಆನ್‌ಲೈನ್ ಆರ್ಡರ್ ಬಂದ ಡಬ್ಬವನ್ನು ಟೇಪು, ಸ್ಟೇಪ್ಲರ್ ಪಿನ್ನು ಕಿತ್ತು ಮೂಲೆಯಲ್ಲಿಡಿ. ಅದಕ್ಕಿಂತ ಅಗ್ಗದ ನೆಮ್ಮದಿ ಇನ್ನೊಂದಿಲ್ಲ.

ಸಣ್ಣ ಬುಟ್ಟಿಯಲ್ಲಿ ಇಡೀ ಮೈಯನ್ನು ಸುರಿದುಕೊಂಡಂತೆ ಮಲಗುವ ಸಾಮರ್ಥ್ಯಕ್ಕೂ ಕಾರಣವಿದೆ: ಬೆಕ್ಕಿನ ಕೊರಳೆಲುಬು ಬೇರೆ ಮೂಳೆಗಳಿಗೆ ಬಿಗಿದುಕೊಂಡಿಲ್ಲ. ಬೆಕ್ಕು ಘನವೋ ದ್ರವವೋ ಎಂಬ ಪ್ರಶ್ನೆಯನ್ನು ಹರಿವಿನ ವಿಜ್ಞಾನದ ಸೂತ್ರಗಳಿಂದ ಪರಿಶೀಲಿಸಿದ ಫ್ರೆಂಚ್ ವಿಜ್ಞಾನಿ ಮಾರ್ಕ್ ಆಂಟ್ವಾನ್ ಫಾರ್ಡಿನ್‌ಗೆ 2017ರಲ್ಲಿ ಭೌತವಿಜ್ಞಾನದ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಎತ್ತರವೂ ಬೆಕ್ಕಿಗೆ ಬೇಕೇಬೇಕು. ಬೀರುವಿನ ತಲೆಯ ಮೇಲಿನ ಸೂಟ್‌ಕೇಸ್ ಸರಿಸಿ ಹಳೆಯ ಕಂಬಳಿ ಹಾಸಿ, ಕಿಟಕಿ ಕಟ್ಟೆಯಲ್ಲಿ ಒಂದು ಗೇಣು ಜಾಗ ಬಿಡಿ. ಎರಡು ಬೆಕ್ಕುಗಳಿರುವ ಮನೆಯಲ್ಲಂತೂ ಇಂಥ ಜಾಗಗಳು ಹೆಚ್ಚಿದ್ದಷ್ಟೂ ಜಗಳ ಕಡಿಮೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಸಿಗಳಿಗೆ ಮಾತ್ರ ಎಚ್ಚರಿಕೆ. ಬೆಕ್ಕು ಬೀಳುವಾಗ ಗಾಳಿಯಲ್ಲೇ ಮೈ ತಿರುಚಿ ಕಾಲೂರುವುದನ್ನು 1894ರಲ್ಲೇ ಎತಿಯೆನ್ ಮಾರೆ ಸರಣಿ ಛಾಯಾಚಿತ್ರಗಳಲ್ಲಿ ಸೆರೆಹಿಡಿದಿದ್ದ. ಕಾಲೂರಿ ಬೀಳುವುದು ನಿಜ, ಪೆಟ್ಟಾಗದು ಎಂಬುದು ಸುಳ್ಳು. ದವಡೆ ಸೀಳುವುದು, ಎದೆಗೆ ಪೆಟ್ಟಾಗುವುದು, ಕಾಲು ಮುರಿಯುವುದು ಮಹಡಿಯಿಂದ ಬಿದ್ದ ಬೆಕ್ಕುಗಳಲ್ಲಿ ಮಾಮೂಲು. ಪಾರಿವಾಳ ಕಂಡ ಬೆಕ್ಕಿಗೆ ಎಷ್ಟನೇ ಮಹಡಿ ಎಂಬುದು ನೆನಪಿರುವುದಿಲ್ಲ. ಬೆಕ್ಕು ತರುವ ಮೊದಲೇ ಬಾಲ್ಕನಿಗೆ ಬಲೆ, ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿ.

ಮುದ್ದಿಸಿದ ಕೈಯನ್ನೇ ಕಚ್ಚುವುದು

ಬೆಕ್ಕು ಬಂದು ಕೆನ್ನೆಯನ್ನು ನಿಮ್ಮ ಮೊಣಕಾಲಿಗೆ ತಿಕ್ಕುತ್ತದೆ. ಕೆನ್ನೆಯ ಗ್ರಂಥಿಗಳ ವಾಸನೆಯನ್ನು ಹಚ್ಚಿ, ‘ಇದು ನಮ್ಮದು’ ಎಂದು ಗುರುತು ಮಾಡಿಕೊಳ್ಳುತ್ತದೆ. ಬಾಲ ನೆಟ್ಟಗೆ ಎತ್ತಿಕೊಂಡು ಬಂದರೆ ಅದು ನಮಸ್ಕಾರ. ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ ನಂಬಿಕೆಯ ಗುರುತು. ಹೊಟ್ಟೆ ಮುಟ್ಟಲು ಕೊಟ್ಟ ಆಹ್ವಾನವಲ್ಲ. ಕೈ ಹಾಕಿದಿರೋ, ನಾಲ್ಕೂ ಪಂಜ ಏಕಕಾಲಕ್ಕೆ ಅಪ್ಪಿಕೊಳ್ಳುತ್ತವೆ.

ಕಚ್ಚುವ ಮೊದಲು ಬೆಕ್ಕು ಹಲವು ನೋಟಿಸು ಕೊಟ್ಟಿರುತ್ತದೆ. ಬಾಲದ ತುದಿ ಪಟಪಟ ಬಡಿಯುತ್ತದೆ. ಬೆನ್ನಿನ ಚರ್ಮ ಅಲೆಯಂತೆ ಕಂಪಿಸುತ್ತದೆ. ಕಿವಿ ಪಕ್ಕಕ್ಕೆ ಮಲಗುತ್ತವೆ, ಗುರುಗುಟ್ಟುವುದು ನಿಲ್ಲುತ್ತದೆ. ನಾವು ಟಿವಿ ನೋಡುತ್ತ ಸವರುತ್ತಲೇ ಇರುತ್ತೇವೆ.

ಉಪಾಯ ಸರಳ. ಗಲ್ಲದ ಕೆಳಗೆ, ಕೆನ್ನೆಯ ಬದಿಗೆ, ಕಿವಿಯ ಬುಡಕ್ಕೆ ಕೈಯಾಡಿಸಿ. ಹೊಟ್ಟೆ, ಬಾಲದ ಬುಡ ಬಿಡಿ. ಕೆಲವು ಸೆಕೆಂಡು ಸವರಿ ಕೈ ಹಿಂದೆಗೆಯಿರಿ. ಅದು ಮುಂದೆ ಬಂದು ತಲೆ ಒತ್ತಿದರೆ ಇನ್ನೂ ಬೇಕೆಂದು ಅರ್ಥ. ಸುಮ್ಮನಿದ್ದರೆ ಸಾಕೆಂದು ಅರ್ಥ. ಸ್ವಿಟ್ಜರ್ಲೆಂಡಿನ ಕ್ಲೌಡಿಯಾ ಮೆರ್ಟೆನ್ಸ್ ಮನೆಗಳಲ್ಲಿ ಬೆಕ್ಕು–ಮನುಷ್ಯರ ಒಡನಾಟವನ್ನು ಗಮನಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ: ಬೆಕ್ಕೇ ಶುರು ಮಾಡಿದ ಮುದ್ದು ಹೆಚ್ಚು ಹೊತ್ತು ನಡೆಯುತ್ತದೆ, ನಾವು ಶುರು ಮಾಡಿದ್ದು ಬೇಗ ಮುಗಿಯುತ್ತದೆ. ಹೆಚ್ಚು ಮುದ್ದು ಬೇಕಿದ್ದರೆ ಕಡಿಮೆ ಆತುರ ತೋರಿ.

ಮನೆಯ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ. ಕತ್ತಿನ ಹಿಂಬದಿಯ ಚರ್ಮ ಹಿಡಿದು ಎತ್ತುವುದಂತೂ ಬೇಡ. ತಾಯಿಬೆಕ್ಕು ಕಚ್ಚಿಕೊಂಡು ಒಯ್ಯುವಾಗ ಮರಿ ಮೈ ಸಡಿಲಬಿಟ್ಟು ಸುಮ್ಮನಾಗುವುದನ್ನು ಕಂಡೇ ಶ್ರೀವೈಷ್ಣವರು ಶರಣಾಗತಿಗೆ ‘ಮಾರ್ಜಾಲ ನ್ಯಾಯ’ವನ್ನು ಉದಾಹರಿಸಿದರು. ಆದರೆ ಆ ಶರಣಾಗತಿ ಮರಿಗೆ ಮಾತ್ರ, ಅದೂ ತಾಯಿಯ ಬಾಯಿಗೆ. ದೊಡ್ಡ ಬೆಕ್ಕಿಗೆ ಅದು ನೋವು, ಭಯ. ಎತ್ತುವುದಿದ್ದರೆ ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ.

ಸೋಫಾ, ಪರದೆ, ಮೇಜಿನಂಚಿನ ಲೋಟ

ಪರಚುವುದು ಚೇಷ್ಟೆಯಲ್ಲ. ಉಗುರಿನ ಹಳೆಯ ಪದರ ಉದುರಬೇಕು, ಬೆನ್ನಿನ ಸ್ನಾಯು ಎಳೆದು ಸಡಿಲವಾಗಬೇಕು, ಪಂಜದ ವಾಸನೆ ಹಚ್ಚಿ ಗಡಿ ಗುರುತಿಸಬೇಕು. ಮೂರೂ ಕೆಲಸ ಒಂದೇ ಪರಚಿನಲ್ಲಿ ಆಗುತ್ತದೆ. ನಿಲ್ಲಿಸಲಾಗದ ಕೆಲಸಕ್ಕೆ ಬೇರೆ ಜಾಗ ಕೊಡಬಹುದು. ಗಟ್ಟಿಯಾದ ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಅಥವಾ ಹಲಗೆಗೆ ಗೋಣಿತಾಟು ಹೊಡೆಯಿರಿ. ಬೆಕ್ಕು ಹಿಂಗಾಲಲ್ಲಿ ನಿಂತು ಮೈ ಚಾಚಿದರೂ ಸಾಲುವಷ್ಟು ಎತ್ತರವಿರಲಿ, ಎಳೆದರೆ ಅಲ್ಲಾಡದಿರಲಿ. ಬಾಗಿಲ ಹಿಂದಿನ ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಅದು ಈಗಾಗಲೇ ಆರಿಸಿಕೊಂಡ ಸೋಫಾದ ಮೂಲೆಗೇ ಒತ್ತಿ ಇಡಿ. ಬಳಸಿದಾಗ ತುಣುಕೊಂದು ಕೊಡಿ.

ಇನ್ನು ಲೋಟದ ಪ್ರಕರಣ. ಮೇಜಿನ ಮೇಲೆ ಸ್ಟೀಲ್ ಲೋಟ. ಬೆಕ್ಕು ಪಂಜ ಚಾಚಿ ಒಂದಿಷ್ಟು ತಳ್ಳುತ್ತದೆ. ನಿಮ್ಮ ಮುಖ ನೋಡುತ್ತದೆ. ಇನ್ನೊಂದಿಷ್ಟು ತಳ್ಳುತ್ತದೆ, ಮತ್ತೆ ನೋಡುತ್ತದೆ. ಲೋಟ ಅಂಚು ಮುಟ್ಟುವ ಹೊತ್ತಿಗೆ ನೀವು ‘ಏಯ್’ ಎಂದು ಎದ್ದು ಓಡಿರುತ್ತೀರಿ. ವಸ್ತು ಕದಲುತ್ತದೋ ಎಂದು ಪಂಜದಿಂದ ಪರೀಕ್ಷಿಸುವುದು ಬೇಟೆಯ ಅಭ್ಯಾಸ. ತಳ್ಳಿದೊಡನೆ ಮನುಷ್ಯ ಎದ್ದು ಬರುತ್ತಾನೆಂಬುದು ನಿಮ್ಮಿಂದ ಕಲಿತದ್ದು. ಬೀಳುವಂಥದ್ದನ್ನು ಎತ್ತಿಡಿ, ಬಿದ್ದರೆ ಸುಮ್ಮನೆ ಒರೆಸಿ, ಆಟದ ಹೊತ್ತು ಹೆಚ್ಚಿಸಿ. ನೀರೆರಚುವುದು, ಹೊಡೆಯುವುದು ಬೇಡ. ಅದರಿಂದ ಹುಟ್ಟುವುದು ನಿಮ್ಮ ಬಗೆಗಿನ ಭಯ ಮಾತ್ರ.

ಬಟ್ಟಲಿನ ರಾಜಕೀಯ

ಕೆಲವರು ಊಟವನ್ನು ಒಗಟಿನ ಆಟಿಕೆಯೊಳಗಿಟ್ಟು ಬೆಕ್ಕಿನ ಬುದ್ಧಿಗೆ ಕೆಲಸ ಕೊಡುತ್ತಾರೆ. ಒಳ್ಳೆಯದೇ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ 2021ರಲ್ಲಿ ನಡೆದ ಅಧ್ಯಯನದ ಪ್ರಕಾರ, ಒಗಟು ಬಿಡಿಸಿ ತಿನ್ನುವುದೋ ತಟ್ಟೆಯಲ್ಲಿ ಸುಮ್ಮನೆ ಸಿಕ್ಕಿದ್ದನ್ನು ತಿನ್ನುವುದೋ ಎಂದು ಎರಡನ್ನೂ ಮುಂದಿಟ್ಟರೆ ಬೆಕ್ಕುಗಳು ತಟ್ಟೆಯನ್ನೇ ಆರಿಸಿಕೊಂಡವು. ದುಡಿದು ತಿನ್ನುವುದನ್ನು ಇಷ್ಟಪಡುವ ಇಲಿ, ಹಕ್ಕಿಗಳ ನಡುವೆ ಬೆಕ್ಕು ಈ ವಿಷಯದಲ್ಲಿ ಬೇರೆಯೇ.

ಬೆಕ್ಕಿಗೆ ಸಿಹಿಯ ರುಚಿ ಗೊತ್ತೇ ಇಲ್ಲ. ಸಿಹಿ ಗುರುತಿಸುವ ವಂಶವಾಹಿಯೊಂದು ಅದರಲ್ಲಿ ಕೆಲಸ ನಿಲ್ಲಿಸಿದೆ ಎಂಬುದು 2005ರಲ್ಲಿ ಬೆಳಕಿಗೆ ಬಂತು. ನಿಮ್ಮ ಪಾಯಸದ ಬಟ್ಟಲಿಗೆ ಅದು ಮೂತಿ ಹಾಕಿದರೆ ಆಸೆ ಕೊಬ್ಬಿನದು. ಹಾಲಿನ ವಿಷಯದಲ್ಲೂ ನಮ್ಮ ಗಾದೆಗಳನ್ನು ನಂಬುವಂತಿಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಲ್ಯಾಕ್ಟೋಸ್ ಅರಗುವುದಿಲ್ಲ. ಕಣ್ಣು ಮುಚ್ಚಿ ಕುಡಿದ ಹಾಲು ಭೇದಿಯಾಗಿ ಹೊರಬರುತ್ತದೆ.

ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಮೊಸರನ್ನ, ಚಪಾತಿ ಹಾಕಿ ಬೆಳೆಸುವುದುಂಟು. ಹಿಂದಿನ ಕಾಲದ ಬೆಕ್ಕು ಅದನ್ನು ತಿಂದೂ ಗಟ್ಟಿಯಾಗಿದ್ದರೆ, ಉಳಿದದ್ದನ್ನು ಅಟ್ಟದ ಇಲಿಗಳು ಪೂರೈಸುತ್ತಿದ್ದವು. ಫ್ಲ್ಯಾಟಿನ ಬೆಕ್ಕಿಗೆ ಆ ಸೌಕರ್ಯವಿಲ್ಲ. ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸದಲ್ಲಿ ಸಿಗುವ ಟಾರಿನ್ ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸಲಾಗದವರು ಬೆಕ್ಕಿಗೆಂದೇ ತಯಾರಾದ ಪರಿಪೂರ್ಣ ಆಹಾರ ಕೊಡಿ. ನಾಯಿಯ ತಿಂಡಿ ಅದಕ್ಕೆ ಬದಲಿಯಾಗದು. ದಿನಕ್ಕೆ ಎರಡು ದೊಡ್ಡ ಊಟಕ್ಕಿಂತ ನಾಲ್ಕೈದು ಸಣ್ಣ ಊಟ ಅದರ ಸ್ವಭಾವಕ್ಕೆ ಹೊಂದುತ್ತದೆ.

ತಿಂಡಿ ಮೂಗಿನ ಕೆಳಗೇ ಬಿದ್ದಿದ್ದರೂ ಬೆಕ್ಕು ಸುತ್ತ ಹುಡುಕುವುದನ್ನು ಕಂಡು ನಕ್ಕಿದ್ದೀರಾ? ಗೇಣಿನಷ್ಟು ಹತ್ತಿರದ್ದು ಅದಕ್ಕೆ ಮಸುಕು. ಅಲ್ಲಿ ಮೀಸೆ, ಮೂಗಿನದೇ ಕಾರುಬಾರು. ನೀರಿನ ಬಟ್ಟಲನ್ನು ಊಟದ ಬಟ್ಟಲಿನಿಂದ ದೂರ ಇಡಿ, ಮನೆಯಲ್ಲಿ ಎರಡು ಮೂರು ಕಡೆ ಇಡಿ. ಒಣನಾಡಿನ ಪೂರ್ವಜರಿಂದ ಬಂದ ಬೆಕ್ಕು ನೀರು ಕುಡಿಯುವುದೇ ಕಮ್ಮಿ, ಹರಿಯುವ ನೀರೆಂದರೆ ಕೆಲವಕ್ಕೆ ಇಷ್ಟ. ನಲ್ಲಿ ತೊಟ್ಟಿಕ್ಕುವಾಗ ಸಿಂಕಿನಲ್ಲಿ ಕೂರುವುದು ಅದಕ್ಕೇ. ಬರೀ ಒಣ ಕಾಳು ಹಾಕುವವರು ನೀರಿನ ಕಡೆ ಹೆಚ್ಚು ಗಮನ ಕೊಡಬೇಕು.

ಇನ್ನು ಬಾಗಿಲ ಬಳಿ ತಂದಿಡುವ ಅರೆಜೀವದ ಹಲ್ಲಿ, ಇಲಿ. ಬೇಟೆಯನ್ನು ಸುರಕ್ಷಿತ ಜಾಗಕ್ಕೆ ತರುವುದು ಬೆಕ್ಕಿನ ಸ್ವಭಾವ. ನಿಮ್ಮ ಕೋಣೆ ಅದರ ಪಾಲಿಗೆ ಅಂಥ ಜಾಗ. ಕಿರುಚಬೇಡಿ, ಹೊಗಳಲೂ ಬೇಡಿ. ಅದು ಅತ್ತ ತಿರುಗಿದಾಗ ಕಾಗದದಲ್ಲಿ ಎತ್ತಿ ಹೊರಹಾಕಿ.

ಮರಳಿನ ಪೆಟ್ಟಿಗೆಯ ಲೆಕ್ಕ

ಮಲಮೂತ್ರಕ್ಕೆಂದು ಇಡುವ ಮರಳಿನ ಪೆಟ್ಟಿಗೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಊಟದ ಜಾಗದಿಂದ ದೂರ, ಸದ್ದು ಮಾಡುವ ವಾಷಿಂಗ್ ಮೆಷಿನ್‌ನಿಂದ ದೂರ, ಓಡಾಟ ಕಮ್ಮಿ ಇರುವೆಡೆ ಇಡಿ. ಪರಿಮಳದ ಮರಳು ನಮಗೆ ಹಿತ, ಬೆಕ್ಕಿಗೆ ಅಹಿತ. ದಿನಕ್ಕೊಮ್ಮೆಯಾದರೂ ಗಲೀಜು ತೆಗೆಯಿರಿ. ಬೆಕ್ಕಿನ ಮಲದಿಂದ ಹರಡಬಹುದಾದ ಟಾಕ್ಸೊಪ್ಲಾಸ್ಮಾ ರೋಗಾಣು ಸೋಂಕು ಹಚ್ಚುವ ಹಂತ ತಲುಪಲು ಒಂದರಿಂದ ಐದು ದಿನ ಬೇಕು. ನಿತ್ಯ ಶುಚಿ ಮಾಡಿದರೆ ಅಪಾಯ ಬಹಳ ತಗ್ಗುತ್ತದೆ. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ.

ನಮ್ಮ ಮನೆಗಳಲ್ಲಿರುವ ಅಪಾಯಗಳು

ದಾರ: ಹೂವಿನ ಮಾಲೆಯ ದಾರ, ಹೊಲಿಗೆ ನೂಲು, ರಾಖಿ, ಗಾಳಿಪಟದ ಮಾಂಜಾ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಮ್ಮುಖವಾಗಿರುವುದರಿಂದ ಒಳಹೋದ ದಾರವನ್ನು ಉಗುಳುವುದು ಕಷ್ಟ. ಅದು ಕರುಳನ್ನು ನೆರಿಗೆ ಹಿಡಿದು ಕೊಯ್ಯುತ್ತದೆ. ಬಾಯಿಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ನೇರ ವೈದ್ಯರ ಬಳಿ ಹೋಗಿ. ಮುಡಿದು ತೆಗೆದ ಹೂವನ್ನು ಮುಚ್ಚಳವಿರುವ ಕಸದ ಬುಟ್ಟಿಗೇ ಹಾಕಿ.

ಪ್ಯಾರಸಿಟಮಾಲ್: ಮನುಷ್ಯರ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಅದನ್ನು ಕರಗಿಸುವ ಶಕ್ತಿ ಅದರ ಯಕೃತ್ತಿಗಿಲ್ಲ. ಜ್ವರವೆಂದು ಅಂದಾಜಿಸಿ ಮನೆಮದ್ದು ಮಾಡಬೇಡಿ.

ಫಿನಾಯಿಲ್, ನುಸಿಗುಳಿಗೆ, ಕರ್ಪೂರ: ಮೂರೂ ಬೆಕ್ಕಿಗೆ ವಿಷ. ನೆಲ ಒರೆಸಿದ ಫಿನಾಯಿಲ್ ಪಂಜಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಒರೆಸಿದ ನೆಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ಫೀನಾಲ್ ಇಲ್ಲದ ದ್ರವ ಬಳಸಿದರೆ ಇನ್ನೂ ಮೇಲು.

ಲಿಲಿ ಹೂ: ಹೂಗುಚ್ಛದಲ್ಲಿ ಬರುವ ಲಿಲಿಯ ಎಲೆ, ಹೂ, ಮೈಗೆ ಅಂಟಿದ ಪರಾಗವೂ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತದೆ. ಬೆಕ್ಕಿರುವ ಮನೆಗೆ ಲಿಲಿ ಬೇಡ.

ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ನಾಯಿಗಳ ಉಣ್ಣಿಗೆಂದು ಮಾರುವ ಪರ್ಮೆಥ್ರಿನ್ ಔಷಧ: ಇವೂ ವಿಷವೇ.

ದೀಪಾವಳಿಯ ಪಟಾಕಿ ಸದ್ದಿಗೆ ಕಪಾಟಿನೊಳಗೆ ನುಗ್ಗಿದ ಬೆಕ್ಕನ್ನು ಎಳೆದು ತೆಗೆದು ಸಮಾಧಾನ ಮಾಡಲು ಹೋಗಬೇಡಿ. ಆ ಕೋಣೆಯ ಕಿಟಕಿ ಮುಚ್ಚಿ, ನೀರು, ಮರಳಿನ ಪೆಟ್ಟಿಗೆ ಒಳಗಿಟ್ಟು ಬಿಟ್ಟುಬಿಡಿ. ಮನೆ ಬದಲಿಸಿದಾಗ ಕೆಲವು ವಾರ ಹೊರಗೆ ಬಿಡಬೇಡಿ. ಹಳೆಯ ಮನೆಯ ಗಡಿ ಹುಡುಕಿಕೊಂಡು ಹೊರಟುಬಿಡುತ್ತದೆ.

ವಿಚಿತ್ರವೋ, ಕಾಯಿಲೆಯೋ?

ನೋವನ್ನು ಮುಚ್ಚಿಡುವ ಪ್ರಾಣಿಯಲ್ಲಿ ಕಾಯಿಲೆ ಕಾಣಿಸುವುದು ಅಭ್ಯಾಸ ಬದಲಾದಾಗ. ಗಂಡುಬೆಕ್ಕು ಮತ್ತೆಮತ್ತೆ ಮರಳಿನ ಪೆಟ್ಟಿಗೆಗೆ ಹೋಗಿ ತಿಣುಕಿ ಮೂತ್ರ ಬರದಿದ್ದರೆ ಅದು ತುರ್ತು ಸ್ಥಿತಿ. ನಾಳೆ ನೋಡೋಣ ಎನ್ನಬೇಡಿ. ಒಂದು ದಿನ ಪೂರ್ತಿ ಊಟ ಬಿಟ್ಟರೆ ವೈದ್ಯರನ್ನು ಕೇಳಿ. ಉಪವಾಸ ಮುಂದುವರಿದರೆ ಅದರ ಯಕೃತ್ತಿಗೆ ಪೆಟ್ಟು. ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸಿದರೆ, ಬೀರುವಿ‌ಗೆ ಹಾರುತ್ತಿದ್ದುದು ಹಾರದಿದ್ದರೆ, ಪೆಟ್ಟಿಗೆ ಬಿಟ್ಟು ಹಾಸಿಗೆಯ ಮೇಲೆ ಮೂತ್ರ ಮಾಡಿದರೆ ‘ಸೇಡು’ ಎನ್ನುವ ಮೊದಲು ತಪಾಸಣೆ ಮಾಡಿಸಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಅದೂ ತುರ್ತು ಸ್ಥಿತಿಯೇ.

ಮರಿಗೆ ಎಂಟು–ಒಂಬತ್ತು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಐದಾರು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹೆಣ್ಣುಬೆಕ್ಕಿನ ಗರ್ಭ ಸುಮಾರು ಒಂಬತ್ತು ವಾರ. ತಡಮಾಡಿದರೆ ಮನೆ ತುಂಬ ಮರಿಗಳು. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ತರುವ ಮೊದಲು

ಇಷ್ಟೆಲ್ಲ ಸ್ವತಂತ್ರ ಬುದ್ಧಿಯ ಪ್ರಾಣಿಗೆ ನಮ್ಮ ಮೇಲೆ ಪ್ರೀತಿ ಉಂಟೇ? ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ತಂಡ 2019ರಲ್ಲಿ ಇದನ್ನೇ ಪರೀಕ್ಷಿಸಿತು. ಅಪರಿಚಿತ ಕೋಣೆಯಲ್ಲಿ ಮರಿಯನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು, ಸಾಕಿದವರು ಮರಳಿದಾಗ ಅದು ಏನು ಮಾಡುತ್ತದೆಂದು ನೋಡಿದರು. ಹೆಚ್ಚುಕಡಿಮೆ ಮೂರನೇ ಎರಡರಷ್ಟು ಮರಿಗಳು ಬಂದವರನ್ನು ಕಂಡು ಸಮಾಧಾನಗೊಂಡು, ಆಮೇಲೆ ನಿರಾಳವಾಗಿ ಕೋಣೆ ಸುತ್ತತೊಡಗಿದವು. ಪುಟ್ಟ ಮಕ್ಕಳಲ್ಲಿ ಕಾಣುವ ಅನುಪಾತವೂ ಹೆಚ್ಚುಕಡಿಮೆ ಇಷ್ಟೇ. ಪ್ರೀತಿಯಿದೆ, ಅದನ್ನು ಆಜ್ಞೆಯ ಮೇಲೆ ತೋರಿಸುವ ಪದ್ಧತಿ ಇಲ್ಲ.

ಆದ್ದರಿಂದ ಮರಿ ತರುವ ಮೊದಲು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ದಿನಕ್ಕೆ ಎರಡು ಸಲ ಆಟಕ್ಕೆ ಹತ್ತು ನಿಮಿಷ ಯಾರು ಕೊಡುತ್ತೀರಿ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಬೆಕ್ಕು ಹದಿನೈದು ವರ್ಷ ಬದುಕಬಹುದು. ಈಗ ಹಟ ಹಿಡಿದಿರುವ ಮಗ ಅಷ್ಟರಲ್ಲಿ ಬೇರೆ ಊರಲ್ಲಿರುತ್ತಾನೆ. ಜೊತೆಗೆ, ಹೇಳಿದ ಮಾತು ಕೇಳುವ ಪ್ರಾಣಿಯೇ ಬೇಕೆನ್ನುವವರು ಮನೆಯಲ್ಲಿದ್ದರೆ ನಾಯಿ ತನ್ನಿ. ಬೆಕ್ಕು ತಂದು ಅದನ್ನು ನಾಯಿ ಮಾಡಲು ಹೊರಟರೆ ಇಬ್ಬರಿಗೂ ನೆಮ್ಮದಿಯಿಲ್ಲ, ಸೋಫಾಕ್ಕಂತೂ ಇಲ್ಲವೇ ಇಲ್ಲ.